ನಾಣ್ಯದ ದೋಷ: ಟಂಕಸಾಲೆಯದೋ, ಬೀದಿಯದೋ?



ನಾಣ್ಯ ಸಂಗ್ರಹ ಒಳ್ಳೆಯ ಹವ್ಯಾಸವೆಂದು ನೀವೆಲ್ಲ ಕೇಳಿರುತ್ತೀರಿ. ಅಂಚೆಚೀಟಿ ಕೂಡಿಡುವವರಂತೆ ಹಳೆಯ ಕಾಸು, ಆಣೆ, ಪೈಸೆಗಳನ್ನು ಕೂಡಿಡುವವರು ನಿಮ್ಮ ತರಗತಿಯಲ್ಲೇ ಇರಬಹುದು. ಈ ಹವ್ಯಾಸದೊಳಗೆ ಇನ್ನೊಂದು ಕಿರು ಹವ್ಯಾಸವಿದೆ. ಅದು ದೋಷವಿರುವ ನಾಣ್ಯಗಳನ್ನು ಹುಡುಕಿ ಸಂಗ್ರಹಿಸುವುದು. ಅಂಗಡಿಯಲ್ಲಿ ಹರಿದ ಬಟ್ಟೆಗೆ, ಸೀಳಿದ ಮಡಕೆಗೆ ಬೆಲೆ ಕಡಿಮೆ. ಆದರೆ ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಕೆಲವೊಮ್ಮೆ ಮುಖಬೆಲೆಯ ನೂರಾರು ಪಟ್ಟು ಬೆಲೆ ಬರುತ್ತದೆ. ಇದು ಹೇಗೆ? ಯಾವ ತಪ್ಪಿಗೆ ಬೆಲೆ, ಯಾವ ತಪ್ಪಿಗೆ ಬೆಲೆಯಿಲ್ಲ? ಇದೇ ಇಂದಿನ ಮಾತಿನ ವಿಷಯ.

ಈ ವಿಷಯವನ್ನು ಆರಿಸಿಕೊಳ್ಳಲು ಒಂದು ಕಾರಣವೂ ಇದೆ. "ನಿಮ್ಮ ಬಳಿ ಇಂಥ ನಾಣ್ಯವಿದ್ದರೆ ಲಕ್ಷ ರೂಪಾಯಿ ಕೊಡುತ್ತೇವೆ" ಎಂಬ ಜಾಹೀರಾತುಗಳು ಇತ್ತೀಚಿನ ವರ್ಷಗಳಲ್ಲಿ ಬಹಳವಾಗಿವೆ. ನಂಬಿ ಫೋನು ಮಾಡಿದವರಿಗೆ ಮೊದಲು ನೋಂದಣಿ ಶುಲ್ಕ, ಆಮೇಲೆ ಕಮಿಷನ್, ಆಮೇಲೆ ತೆರಿಗೆ ಎಂದು ಹಣ ಕೀಳುತ್ತಾರೆ. ನಾಣ್ಯವೂ ಮಾರಾಟವಾಗುವುದಿಲ್ಲ, ಕಟ್ಟಿದ ಹಣವೂ ಹಿಂದಕ್ಕೆ ಬರುವುದಿಲ್ಲ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರು ಮತ್ತು ಲಾಂಛನವನ್ನೇ ಬಳಸಿ ವಂಚಿಸುತ್ತಿದ್ದುದರಿಂದ, ಆ ಬ್ಯಾಂಕು 2021ರ ಆಗಸ್ಟ್ 4ರಂದು ಸಾರ್ವಜನಿಕರಿಗೆ ಎಚ್ಚರಿಕೆ ನೀಡಬೇಕಾಯಿತು. ಇಂಥ ವ್ಯವಹಾರಗಳಲ್ಲಿ ತಾನು ತೊಡಗುವುದಿಲ್ಲ, ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ ಎಂದು ಅದು ಸ್ಪಷ್ಟಪಡಿಸಿತು.

ಎಚ್ಚರಿಕೆ ಒಳ್ಳೆಯದೇ. ಆದರೆ ತಿಳಿವಳಿಕೆಯಿಲ್ಲದ ಎಚ್ಚರಿಕೆ ಬಹಳ ದಿನ ಉಳಿಯುವುದಿಲ್ಲ. ಆದ್ದರಿಂದ ಒಂದು ಸರಳ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ. ವಿಚಿತ್ರವಾದ ನಾಣ್ಯ ಕೈಗೆ ಬಂದಾಗ "ಇದಕ್ಕೆ ಎಷ್ಟು ಬೆಲೆ?" ಎಂದು ಕೇಳಬೇಡಿ. "ಇದು ಹೀಗಾದದ್ದು ಹೇಗೆ?" ಎಂದು ಕೇಳಿ. ಟಂಕಸಾಲೆಯ ಯಾವುದಾದರೂ ಒಂದು ಹಂತದಲ್ಲಿ ಆ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಮಾತ್ರ ಅದು ದೋಷದ ನಾಣ್ಯ. ಸಿಗದಿದ್ದರೆ ಅದು ಪೆಟ್ಟು ತಿಂದ ನಾಣ್ಯ, ಇಲ್ಲವೆ ನಮಗೆ ಪರಿಚಯವಿಲ್ಲದ ಸಾಧಾರಣ ನಾಣ್ಯ.

ನಾಣ್ಯ ಹುಟ್ಟುವ ಬಗೆ

ಹಾಗಾದರೆ ನಾಣ್ಯ ಹೇಗೆ ಹುಟ್ಟುತ್ತದೆಂದು ತಿಳಿಯಬೇಕು. ಲೋಹವನ್ನು ಕರಗಿಸಿ, ಉರುಳೆಗಳ ನಡುವೆ ಹಾಯಿಸಿ, ಗೊತ್ತಾದ ದಪ್ಪದ ಉದ್ದನೆಯ ತಗಡು ಮಾಡುತ್ತಾರೆ. ಆ ತಗಡಿನಿಂದ ಯಂತ್ರವು ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತದೆ. ನಮ್ಮ ಅಡುಗೆಮನೆಯಲ್ಲಿ ಲಟ್ಟಿಸಿದ ಹಿಟ್ಟಿನಿಂದ ಬಟ್ಟಲು ಒತ್ತಿ ಪೂರಿ ತೆಗೆಯುವಂತೆಯೇ ಇದು. ಬಿಲ್ಲೆಗಳನ್ನು ಕಾಯಿಸಿ ಮೆದುವಾಗಿಸಿ, ತೊಳೆದು, ಇನ್ನೊಂದು ಯಂತ್ರದಲ್ಲಿ ಅವುಗಳ ಅಂಚನ್ನು ಒತ್ತಿ ಎತ್ತರಿಸುತ್ತಾರೆ. ಕೊನೆಯದು ಅಚ್ಚೊತ್ತುವ ಕೆಲಸ. ಕೆಳಗೊಂದು, ಮೇಲೊಂದು ಉಕ್ಕಿನ ಅಚ್ಚು. ಬಿಲ್ಲೆಯ ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಭಾರಿ ಒತ್ತಡದಲ್ಲಿ ಒಂದೇ ಪೆಟ್ಟು ಬಿದ್ದಾಗ ಎರಡು ಬದಿಯ ಚಿತ್ರಗಳೂ, ಅಂಚಿನ ಗೀರುಗಳೂ ಒಟ್ಟಿಗೆ ಮೂಡುತ್ತವೆ. ಬಳೆಯಿರುವುದರಿಂದ ಲೋಹ ಹೊರಕ್ಕೆ ಹರಡದೆ ನಾಣ್ಯ ದುಂಡಗೆ ನಿಲ್ಲುತ್ತದೆ.

ಇಲ್ಲಿ ನೆನಪಿಡಬೇಕಾದ ಮುಖ್ಯ ಅಂಶವೊಂದಿದೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗಿ ಬರುತ್ತದೆ. ಅಚ್ಚಿನಲ್ಲಿ ಉಬ್ಬಾಗಿರುವುದು ನಾಣ್ಯದಲ್ಲಿ ತಗ್ಗಾಗುತ್ತದೆ. ಮುಂದಿನ ಅರ್ಧ ವಿಚಾರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಹಂತಕ್ಕೊಂದು ದೋಷ

ಈಗ ಪ್ರತಿ ಹಂತದಲ್ಲೂ ಏನು ತಪ್ಪಬಹುದೆಂದು ನೋಡೋಣ. ತಗಡು ಸರಿಯಾಗಿ ಮುಂದೆ ಸರಿಯದಿದ್ದರೆ, ಕತ್ತರಿಸುವ ಉಪಕರಣ ಹಿಂದಿನ ತೂತಿನ ಮೇಲೆಯೇ ಒಂದಿಷ್ಟು ಬೀಳುತ್ತದೆ. ಆಗ ಬಿಲ್ಲೆಗೆ ಒಂದು ಕಡೆ ಅರ್ಧಚಂದ್ರಾಕಾರದ ಕೊರತೆ ಬರುತ್ತದೆ. ಅಂಚು ಎತ್ತರಿಸುವ ಯಂತ್ರಕ್ಕೆ ಆ ಜಾಗದಲ್ಲಿ ಒತ್ತಲು ಲೋಹವಿಲ್ಲ. ಅದರಿಂದಾಗಿ ಸರಿಯಾಗಿ ಎದುರು ಭಾಗದ ಅಂಚಿಗೂ ಒತ್ತಡ ಸಾಲದೆ ಅದು ಸಪ್ಪೆಯಾಗಿ ಉಳಿಯುತ್ತದೆ. ಈ ಎದುರು ಅಂಚಿನ ದೌರ್ಬಲ್ಯ ಬಹಳ ಒಳ್ಳೆಯ ಸಾಕ್ಷಿ. ಕತ್ತರಿಯಿಂದಲೋ ಅರದಿಂದಲೋ ನಾಣ್ಯದ ತುಂಡು ತೆಗೆದ ವಂಚಕನಿಗೆ ಅದನ್ನು ತಂದುಕೊಳ್ಳಲು ಆಗುವುದಿಲ್ಲ. ಅವನ ನಾಣ್ಯದಲ್ಲಿ ಎದುರು ಅಂಚು ಗಟ್ಟಿಯಾಗಿಯೇ ಇರುತ್ತದೆ. ಅಕ್ಷರಗಳೂ ಕತ್ತರಿಸಿದಲ್ಲಿ ಥಟ್ಟನೆ ನಿಲ್ಲುತ್ತವೆ. ನಿಜವಾದ ದೋಷದಲ್ಲಾದರೆ ಕೊರತೆಯ ಹತ್ತಿರದ ಅಕ್ಷರಗಳು ಸ್ವಲ್ಪ ಎಳೆದಂತೆ, ಮಾಸಿದಂತೆ ಕಾಣುತ್ತವೆ.

ಬಿಲ್ಲೆ ಬಳೆಯೊಳಗೆ ಸರಿಯಾಗಿ ಕೂರದಿದ್ದರೆ ಅಚ್ಚು ಒಂದು ಪಕ್ಕಕ್ಕೆ ಬೀಳುತ್ತದೆ. ಚಿತ್ರದ ಒಂದು ಭಾಗ ಹೊರಗೆ ಹೋಗಿ, ನಾಣ್ಯದ ಒಂದು ಕಡೆ ಬೋಳಾಗಿ ಉಳಿಯುತ್ತದೆ. ಬಳೆಯೇ ಕೆಲಸ ಮಾಡದಿದ್ದರೆ ನಾಣ್ಯ ಅಗಲವಾಗಿ ಹರಡುತ್ತದೆ. ಒಮ್ಮೆ ಅಚ್ಚಾದದ್ದು ಹೊರಗೆ ಹೋಗದೆ ಮತ್ತೆ ಪೆಟ್ಟು ತಿಂದರೆ ಒಂದರ ಮೇಲೊಂದು ಎರಡು ಚಿತ್ರಗಳು ಮೂಡುತ್ತವೆ.

ಇನ್ನೊಂದು ಸ್ವಾರಸ್ಯಕರ ದೋಷವಿದೆ. ಅಚ್ಚಾದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡಿತೆನ್ನಿ. ಅಷ್ಟರಲ್ಲಿ ಮುಂದಿನ ಬಿಲ್ಲೆ ಬಂದು ಕೂರುತ್ತದೆ. ಈಗ ಅದಕ್ಕೆ ಮೇಲಿನಿಂದ ಒತ್ತುವುದು ಅಚ್ಚಲ್ಲ, ಅಂಟಿಕೊಂಡ ನಾಣ್ಯ. ಫಲವಾಗಿ ಹೊಸ ನಾಣ್ಯದ ಎರಡು ಬದಿಯಲ್ಲೂ ಒಂದೇ ಚಿತ್ರ ಬರುತ್ತದೆ: ಒಂದು ಕಡೆ ಎಂದಿನಂತೆ ಉಬ್ಬಾಗಿ, ಇನ್ನೊಂದು ಕಡೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾಗಿ. ಸಂಗ್ರಾಹಕರು ಇದನ್ನು ಬ್ರೋಕೇಜ್ ಎನ್ನುತ್ತಾರೆ. ಬ್ರಿಟಿಷರ ಕಾಲದ ಕಾಲಾಣೆಗಳಲ್ಲೂ, ಸ್ವಾತಂತ್ರ್ಯಾನಂತರದ ನಾಣ್ಯಗಳಲ್ಲೂ ಇಂಥವು ಸಿಕ್ಕಿವೆ. ಎರಡು ನಾಣ್ಯಗಳನ್ನು ಒಂದಕ್ಕೊಂದು ಒತ್ತಿ ಇದನ್ನು ಅನುಕರಿಸುವವರೂ ಇದ್ದಾರೆ. ಆದರೆ ಹಾಗೆ ಒತ್ತಿದಾಗ ಮೊದಲಿದ್ದ ಚಿತ್ರದ ಗುರುತು ಕೆಳಗೆ ಉಳಿದುಬಿಡುತ್ತದೆ, ಹಿಂಬದಿಯ ಚಿತ್ರವೂ ಚಪ್ಪಟೆಯಾಗುತ್ತದೆ. ನಿಜವಾದದ್ದರಲ್ಲಿ ಹಾಗಿರುವುದಿಲ್ಲ, ಒಂದು ಬದಿ ತನ್ನ ಪಾಡಿಗೆ ತಾನು ಸ್ಪಷ್ಟವಾಗಿರುತ್ತದೆ.

ಅಚ್ಚಿನದೇ ದೋಷಗಳು ಬೇರೆ. ಸಾವಿರಾರು ಪೆಟ್ಟು ಹೊಡೆದು ದಣಿದ ಅಚ್ಚು ಬಿರುಕು ಬಿಡುತ್ತದೆ. ಬಿರುಕು ಅಚ್ಚಿನಲ್ಲಿ ತಗ್ಗು. ಆದ್ದರಿಂದ ನಾಣ್ಯದಲ್ಲಿ ಅದು ಉಬ್ಬಿದ ತೆಳುಗೆರೆಯಾಗಿ ಬರುತ್ತದೆ. ಉಗುರಿಗೆ ಉಬ್ಬು ಸಿಕ್ಕಿದರೆ ಅಚ್ಚಿನ ಬಿರುಕೆಂದೂ, ತಗ್ಗು ಸಿಕ್ಕಿದರೆ ಬೀದಿಯಲ್ಲಿ ಬಿದ್ದ ಗೀರೆಂದೂ ಸಾಮಾನ್ಯವಾಗಿ ಹೇಳಬಹುದು. ಅಚ್ಚಿನ ಕುಳಿಗಳಲ್ಲಿ ಜಿಡ್ಡು, ಧೂಳು ತುಂಬಿಕೊಂಡರೆ ಒಂದೆರಡು ಅಕ್ಷರ, ಇಸವಿಯ ಅಂಕಿ ಮಾಸಿಹೋಗುತ್ತವೆ.

ಅಚ್ಚುಗಳು ಸಡಿಲವಾಗಿ ತಿರುಗಿಕೊಂಡರೆ ಎರಡು ಬದಿಗಳ ಹೊಂದಾಣಿಕೆ ತಪ್ಪುತ್ತದೆ. ಇದನ್ನು ನೀವು ಈಗಲೇ ಪರೀಕ್ಷಿಸಬಹುದು. ಒಂದು ರೂಪಾಯಿ ನಾಣ್ಯದ ಸಿಂಹದ ಬದಿಯನ್ನು ನೆಟ್ಟಗೆ ಹಿಡಿಯಿರಿ. ಮೇಲ್ತುದಿಯನ್ನೂ ಕೆಳತುದಿಯನ್ನೂ ಎರಡು ಬೆರಳಲ್ಲಿ ಹಿಡಿದು, ಪುಸ್ತಕದ ಹಾಳೆ ಮಗುಚುವಂತೆ ತಿರುಗಿಸಿ. ಹಿಂಬದಿಯೂ ನೆಟ್ಟಗೇ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಅಚ್ಚು ತಿರುಗಿದೆ ಎಂದರ್ಥ. ಅತ್ತಿತ್ತ ಕೂದಲೆಳೆಯಷ್ಟು ವ್ಯತ್ಯಾಸ ಸಾಮಾನ್ಯ, ಅದಕ್ಕೆ ವಿಶೇಷ ಬೆಲೆಯಿಲ್ಲ. ಅಂದಹಾಗೆ, ಅಮೆರಿಕದ ನಾಣ್ಯವನ್ನು ಹೀಗೆ ತಿರುಗಿಸಿದರೆ ಹಿಂಬದಿ ತಲೆಕೆಳಗಾಗಿಯೇ ಕಾಣುತ್ತದೆ. ಅದು ಅವರ ಕ್ರಮ, ದೋಷವಲ್ಲ.

ಇನ್ನು ಜೋಡಿಯಚ್ಚು. ಅಚ್ಚನ್ನು ತಯಾರಿಸುವಾಗ ಮೂಲಮುದ್ರೆಯನ್ನು ಅದರ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತುವ ಪದ್ಧತಿಯಿತ್ತು. ಎರಡನೆಯ ಸಲ ಚೂರು ತಿರುಗಿ ಕೂತರೆ ಅಚ್ಚಿನಲ್ಲೇ ಅಕ್ಷರಗಳು ಎರಡೆರಡಾಗುತ್ತವೆ. ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯವೂ ಹಾಗೆಯೇ ಇರುತ್ತದೆ. ಅಮೆರಿಕದ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ 1955ರಲ್ಲಿ ಅಚ್ಚಾದ ಲಿಂಕನ್ ಸೆಂಟ್ ಇದಕ್ಕೆ ಜಗತ್ಪ್ರಸಿದ್ಧ ಉದಾಹರಣೆ. ಅದರಲ್ಲಿ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಜೋಡಿಯಾಗಿ ಕಾಣುತ್ತವೆ. 20,000ಕ್ಕೂ ಹೆಚ್ಚು ನಾಣ್ಯಗಳು ಚಲಾವಣೆಗೆ ಬಂದವೆಂದು ಅಂದಾಜು. ಆದರೆ ನೀವು ನೋಡುವ ಜೋಡಿ ಅಕ್ಷರಗಳಲ್ಲಿ ಬಹುಪಾಲು ಈ ಜಾತಿಯವಲ್ಲ. ಪೆಟ್ಟು ಬಿದ್ದ ಕೂಡಲೇ ಸಡಿಲವಾದ ಅಚ್ಚು ಅಲುಗಿದರೆ ಅಕ್ಷರದ ಒಂದು ಪಕ್ಕ ಚಪ್ಪಟೆಯಾಗಿ, ಮೆಟ್ಟಿಲಿನಂತೆ ಹೊಳೆಯುತ್ತದೆ. ನಿಜವಾದ ಜೋಡಿಯಚ್ಚಿನಲ್ಲಿ ಎರಡನೆಯ ರೇಖೆಗೂ ದುಂಡನೆಯ ಉಬ್ಬು ಇರುತ್ತದೆ. ಅಕ್ಷರದ ತುದಿಗಳು ಕವಲೊಡೆದಂತೆ ಕಾಣುತ್ತವೆ. ಮೆಟ್ಟಿಲಿಗೆ ಬೆಲೆ ಇಲ್ಲವೆಂದೇ ಹೇಳಬಹುದು.

ವಿಚಿತ್ರವೆಲ್ಲ ದೋಷವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಿಮಗೆ ಗೊತ್ತು. ವಿಚಿತ್ರವಾಗಿ ಕಾಣುವ ಎಷ್ಟೋ ನಾಣ್ಯಗಳು ಯಾವ ತಪ್ಪೂ ಇಲ್ಲದೆ ಹುಟ್ಟಿದವು.

ನಮ್ಮ ನಾಡಿನ ಉದಾಹರಣೆಯಿಂದಲೇ ಆರಂಭಿಸೋಣ. ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದ ನಾಣ್ಯಗಳಲ್ಲಿ ಅವನು ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಬರೆಯಲಾಗಿದೆ. 1216 ಎಂಬುದನ್ನು ನಾವು ಎಡದಿಂದ ಓದಿದರೆ 6121 ಎಂದಾಗುತ್ತದೆ. ಅಂಕಿಗಳ ಅರಿವಿರುವ ಹೊಸ ಸಂಗ್ರಾಹಕ ಇದನ್ನು ಅಚ್ಚಿನ ತಪ್ಪೆಂದು ತಿಳಿಯಬಹುದು. ಅದು ತಪ್ಪಲ್ಲ, ಅರಸನ ಆಜ್ಞೆ. ಹಾಗೆಯೇ ವಿಜಯನಗರದ ಮತ್ತು ಹಳೆಯ ಮೈಸೂರಿನ ಎಷ್ಟೋ ತಾಮ್ರದ ಕಾಸುಗಳಲ್ಲಿ ಚಿತ್ರವೂ ಅಕ್ಷರವೂ ಅರ್ಧಕ್ಕೇ ಕಾಣುತ್ತವೆ. ಅಂದು ಬಳೆಯಿರಲಿಲ್ಲ, ಯಂತ್ರವಿರಲಿಲ್ಲ. ಸುತ್ತಿಗೆಯಿಂದ ಕೈಯಲ್ಲೇ ಅಚ್ಚು ಹೊಡೆಯುತ್ತಿದ್ದರು. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿತ್ತು. ಅಲ್ಲಿ ಪಕ್ಕಕ್ಕೆ ಸರಿದ ಚಿತ್ರವೇ ನಿತ್ಯದ ರೂಢಿ. ನೋಡಿ, ಕ್ರಮವೆಂಬುದು ಬಿಗಿಯಾದ ಮೇಲೆಯೇ ಕ್ರಮ ತಪ್ಪಿದ್ದು ಎಂಬ ಮಾತಿಗೆ ಅರ್ಥ ಬರುತ್ತದೆ. ಆದ್ದರಿಂದ ಪ್ರತಿ ಕಾಲದ ನಾಣ್ಯವನ್ನೂ ಆ ಕಾಲದ ಕ್ರಮದಿಂದಲೇ ಅಳೆಯಬೇಕು.

1911ರ ಐದನೆಯ ಜಾರ್ಜ್ ರೂಪಾಯಿಯ ಕಥೆ ಇನ್ನೊಂದು ಬಗೆ. ಅರಸನ ನಿಲುವಂಗಿಯ ಮೇಲಿದ್ದ ಪುಟ್ಟ ಆನೆಯ ಸೊಂಡಿಲು ಮೋಟಾಗಿ, ಅದು ಹಂದಿಯಂತೆ ಕಾಣುತ್ತದೆಂದು ಜನ ಅಸಮಾಧಾನಗೊಂಡರು. ಸರ್ಕಾರ ಆ ನಾಣ್ಯಗಳನ್ನು ಬೇಗನೆ ಹಿಂದಕ್ಕೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊರಡಿಸಿತು. ಇಲ್ಲಿ ತಪ್ಪಿದ್ದು ಚಿತ್ರ ಕೊರೆದವನ ಕೈ. ಅಚ್ಚೊತ್ತುವ ಕೆಲಸ ಸರಿಯಾಗಿಯೇ ನಡೆದಿದೆ. 1911ರ ಎಲ್ಲ ರೂಪಾಯಿಗಳೂ ಹಾಗೆಯೇ ಇವೆ. ಅದು ಒಂದು ಬಗೆಯ ನಾಣ್ಯವೇ ಹೊರತು ದೋಷದ ನಾಣ್ಯವಲ್ಲ.

ಈಗಿನ ನಾಣ್ಯಗಳಿಗೆ ಬರೋಣ. ಇಸವಿಯ ಕೆಳಗಿರುವ ಪುಟ್ಟ ಗುರುತನ್ನು ಗಮನಿಸಿದ್ದೀರಾ? ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡನೆಯ ಚುಕ್ಕೆಯಿದ್ದರೆ ನೋಯ್ಡಾ ಟಂಕಸಾಲೆ. ಗುರುತೇ ಇಲ್ಲದಿದ್ದರೆ? ಅದು ಕೋಲ್ಕತ್ತದ್ದು. "ಗುರುತು ಬಿಟ್ಟುಹೋದ ಅಪರೂಪದ ನಾಣ್ಯ" ಎಂದು ಯಾರಾದರೂ ನಿಮಗೆ ಮಾರಲು ಬಂದರೆ ನಕ್ಕು ಸುಮ್ಮನಾಗಿ. 1997 ಮತ್ತು 1998ರ ಕೆಲವು ಒಂದು ರೂಪಾಯಿ ನಾಣ್ಯಗಳಲ್ಲಿ ಎಂ ಅಕ್ಷರದ ಮೇಲೆ ಸಣ್ಣ ಸೊನ್ನೆಯಂಥ ಗುರುತೋ, ಎಂ ಮತ್ತು ಕೆ ಅಕ್ಷರಗಳೋ ಕಾಣುತ್ತವೆ. ಅವು ಮೆಕ್ಸಿಕೋದಲ್ಲೂ ಸ್ಲೊವಾಕಿಯಾದ ಕ್ರೆಮ್ನಿಟ್ಸದಲ್ಲೂ ನಮ್ಮ ಸರ್ಕಾರ ಅಚ್ಚು ಹಾಕಿಸಿ ತರಿಸಿಕೊಂಡವು. ಆ ನಾಣ್ಯಗಳನ್ನು ಕೂಡಿಡುವುದು ಸೊಗಸು, ಆದರೆ ಅವು ದೋಷವಲ್ಲ.

ಹತ್ತು ರೂಪಾಯಿ ನಾಣ್ಯದ ವಿಷಯವಂತೂ ನಿಮ್ಮೂರಿನ ಅಂಗಡಿಗಳಲ್ಲೇ ಜಗಳ ತಂದಿರಬಹುದು. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂದು ಯಾರೋ ಹಬ್ಬಿಸಿದರು. ರೂಪಾಯಿಯ ಚಿಹ್ನೆ ಇಲ್ಲದ್ದು ಸಲ್ಲದು ಎಂದು ಇನ್ನು ಕೆಲವರು ಹೇಳಿದರು. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದೇ 2010ರಲ್ಲಿ. ನಾಣ್ಯಗಳ ಮೇಲೆ ಅದು ಬಂದದ್ದು 2011ರಿಂದ. ಅದಕ್ಕೆ ಮೊದಲಿನ ನಾಣ್ಯದಲ್ಲಿ ಅದು ಇರುವುದಾದರೂ ಹೇಗೆ? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಅದುವರೆಗಿನ 14 ವಿನ್ಯಾಸಗಳ ಹತ್ತು ರೂಪಾಯಿ ನಾಣ್ಯಗಳೂ ಸಲ್ಲುತ್ತವೆಂದು ಸಾರಿ ಹೇಳಿತು. ಅಂಗಡಿಯಲ್ಲಿ ಒಪ್ಪದೆ ಹಿಂದಕ್ಕೆ ಕೊಟ್ಟ ನಾಣ್ಯ ಬಡವನ ಕೈಯಲ್ಲಿ ಹತ್ತು ರೂಪಾಯಿಯ ನಷ್ಟವಾಗಿ ಕೂರುತ್ತದೆ. ನಾಣ್ಯ ಜ್ಞಾನ ಬರಿಯ ಹವ್ಯಾಸಕ್ಕಲ್ಲ, ದಿನದ ವ್ಯವಹಾರಕ್ಕೂ ಬೇಕೆನ್ನುವುದಕ್ಕೆ ಇದು ನಿದರ್ಶನ.

ತಕ್ಕಡಿ, ಅಯಸ್ಕಾಂತ, ಭೂತಗನ್ನಡಿ

ಅನುಮಾನದ ನಾಣ್ಯವನ್ನು ಪರೀಕ್ಷಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಗ್ರಾಮಿನ ನೂರನೆಯ ಭಾಗ ತೋರಿಸುವ ಸಣ್ಣ ತಕ್ಕಡಿ, ಒಂದು ಅಯಸ್ಕಾಂತ, ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ಒಂದು ಅಳತೆಪಟ್ಟಿ ಸಾಕು. ಇವೆಲ್ಲಕ್ಕಿಂತ ಮುಖ್ಯವಾಗಿ ಅದೇ ಇಸವಿಯ, ಅದೇ ಬಗೆಯ ಇನ್ನೊಂದು ಸಾಧಾರಣ ನಾಣ್ಯ ಹೋಲಿಕೆಗೆ ಇರಲಿ.

ಉದಾಹರಣೆಗೆ, 1992ರಲ್ಲಿ ಬಂದ ಸ್ಟೇನ್‌ಲೆಸ್ ಸ್ಟೀಲಿನ ಒಂದು ರೂಪಾಯಿಗೆ 4.85 ಗ್ರಾಂ ತೂಕ, 25 ಮಿಲಿಮೀಟರ್ ಅಗಲ. ಅದು ಅಯಸ್ಕಾಂತಕ್ಕೆ ಅಂಟುತ್ತದೆ. ಅದೇ ವರ್ಷದ ಐದು ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, 9 ಗ್ರಾಂ ತೂಕ, 23 ಮಿಲಿಮೀಟರ್ ಅಗಲ, ಅದು ಅಂಟುವುದಿಲ್ಲ. ಹಾಗಾದರೆ ಅಯಸ್ಕಾಂತಕ್ಕೆ ಅಂಟುವ ಐದು ರೂಪಾಯಿ ಸಿಕ್ಕಿದರೆ ದೋಷವೆನ್ನೋಣವೇ? ಅವಸರ ಬೇಡ. 2007ರಲ್ಲಿ ಐದು ರೂಪಾಯಿಯನ್ನು ಸ್ಟೀಲಿನಲ್ಲೂ ಅಚ್ಚು ಹಾಕಿದ್ದಾರೆ. ಮೊದಲು ಇಸವಿ ನೋಡಿ, ಆಮೇಲೆ ತೀರ್ಪು ಕೊಡಿ. ಬೇರೆ ನಾಣ್ಯದ ಬಿಲ್ಲೆಯ ಮೇಲೆ ಅಚ್ಚಾದದ್ದೆಂದು ಹೇಳಬೇಕಾದರೆ ತೂಕವೂ ಲೋಹವೂ ಆ ಬೇರೆ ನಾಣ್ಯಕ್ಕೆ ಹೊಂದಲೇಬೇಕು. ಬಣ್ಣ ಮಾತ್ರ ಬೇರೆಯಾಗಿ ತೂಕ ಎಂದಿನದೇ ಇದ್ದರೆ, ಬೆಂಕಿಯೋ, ರಾಸಾಯನಿಕವೋ, ಲೇಪನವೋ ಕಾರಣವಿರುತ್ತದೆ. ಸವೆದ ನಾಣ್ಯ ತುಸು ಹಗುರವಾಗುವುದೂ, ಹೊಸ ನಾಣ್ಯಗಳಲ್ಲೇ ಅತ್ಯಲ್ಪ ಏರುಪೇರು ಇರುವುದೂ ಸಹಜವೆಂಬುದು ನೆನಪಿರಲಿ.

ಪರೀಕ್ಷೆ ಒಂದೇ ಸಾಲದು ಎನ್ನುವುದಕ್ಕೆ ಅಮೆರಿಕದ 1943ರ ಸೆಂಟ್ ಒಳ್ಳೆಯ ಪಾಠ. ಮಹಾಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಆ ವರ್ಷ ಸತು ಲೇಪಿಸಿದ ಉಕ್ಕಿನಲ್ಲಿ ಸೆಂಟ್ ಅಚ್ಚು ಹಾಕಿದರು. ಹಿಂದಿನ ಕಂಚಿನ ಬಿಲ್ಲೆಗಳು ಕೆಲವು ಹೇಗೋ ಉಳಿದು, ಅವುಗಳ ಮೇಲೂ 1943ರ ಅಚ್ಚು ಬಿತ್ತು. ಅಂಥವು ಬೆರಳೆಣಿಕೆಯಷ್ಟೇ ಇರುವುದರಿಂದ ಬೆಲೆ ಬಹಳ. ವಂಚಕರು ಉಕ್ಕಿನ ಸೆಂಟ್‌ಗೆ ತಾಮ್ರ ಲೇಪಿಸಿದರು. ಅಯಸ್ಕಾಂತ ಅವರ ಗುಟ್ಟು ರಟ್ಟು ಮಾಡಿತು. ಆಗ ಇನ್ನು ಕೆಲವರು 1948ರ ಕಂಚಿನ ಸೆಂಟ್‌ನ 8ನ್ನು ಅರೆದು 3 ಮಾಡಿದರು. ಅದು ಅಯಸ್ಕಾಂತಕ್ಕೂ ಅಂಟದು, ತೂಕವೂ ಸರಿ. ಅದನ್ನು ಹಿಡಿಯಲು ಭೂತಗನ್ನಡಿಯೇ ಬೇಕಾಯಿತು. ಒಂದು ಸಾಕ್ಷಿಯನ್ನು ನಂಬಿ ತೀರ್ಪು ಕೊಡುವ ನ್ಯಾಯಾಧೀಶ ಒಳ್ಳೆಯ ನ್ಯಾಯಾಧೀಶನಲ್ಲ. ಸಂಗ್ರಾಹಕನಿಗೂ ಇದೇ ಮಾತು.

ನಮ್ಮ ಎರಡು ಲೋಹದ ಹತ್ತು ರೂಪಾಯಿಯಲ್ಲೂ ಇಂಥ ತರ್ಕ ನಡೆಸಬಹುದು. ಹೊರಬಳೆ ಮತ್ತು ನಡುವಿನ ಬಿಲ್ಲೆ ಒಂದೇ ಪೆಟ್ಟಿಗೆ ಸೇರಿಕೊಂಡು ಅಚ್ಚಾಗುತ್ತವೆ. ಆದ್ದರಿಂದ ಬಳೆಯಿಂದ ನಡುವಿಗೆ ಹಾಯುವ ಗೆರೆಗಳು ತುಂಡಾಗದೆ ಮುಂದುವರಿಯಬೇಕು. ನಡುವಿನ ಬಿಲ್ಲೆ ಓರೆಯಾಗಿ ಕೂತಿದ್ದರೂ ಅದರ ಮೇಲೆ ಚಿತ್ರ ಸರಾಗವಾಗಿ ಹರಿದಿದ್ದರೆ ಅದು ಟಂಕಸಾಲೆಯ ದೋಷವಿರಬಹುದು. ಗೆರೆಗಳು ಎರಡು ಬದಿಯಲ್ಲೂ ಒಂದೇ ಅಳತೆಗೆ ತಪ್ಪಿದ್ದರೆ, ಯಾರೋ ನಡುವನ್ನು ತಟ್ಟಿ ತೆಗೆದು ತಿರುಗಿಸಿ ಕೂರಿಸಿದ್ದಾರೆಂದೇ ತಿಳಿಯಿರಿ.

ಹೀಗೆ ನಾಣ್ಯವನ್ನು ಕೆಡಿಸುವುದು ತಮಾಷೆಯ ಮಾತಲ್ಲ. ನಾಣ್ಯವನ್ನು ಕರಗಿಸುವುದೂ ನಾಶಪಡಿಸುವುದೂ 2011ರ ನಾಣ್ಯ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧ. ವಿರೂಪಗೊಳಿಸಿದ ನಾಣ್ಯಕ್ಕೆ ಚಲಾವಣೆಯ ಮಾನ್ಯತೆಯೂ ಇರುವುದಿಲ್ಲ. ದೋಷದ ನಾಣ್ಯ ತಯಾರಿಸಹೊರಟವನು ಇದ್ದ ರೂಪಾಯಿಯನ್ನೂ ಕಳೆದುಕೊಳ್ಳುತ್ತಾನೆ.

ಬೆಲೆಯ ಲೆಕ್ಕ

ನಾಣ್ಯದ ದೋಷ ನಿಜವೆಂದು ಖಾತ್ರಿಯಾಯಿತೆನ್ನಿ. ಈಗ ಬೆಲೆಯ ಪ್ರಶ್ನೆ ಕೇಳಬಹುದು. ನಾಲ್ಕು ಸಂಗತಿಗಳನ್ನು ತೂಗಿ ನೋಡಬೇಕು.

ಮೊದಲನೆಯದು, ದೋಷ ಎಷ್ಟು ಎದ್ದು ಕಾಣುತ್ತದೆ? ಕೂದಲೆಳೆಯಷ್ಟು ಸರಿದ ಅಚ್ಚಿಗಿಂತ ಅರ್ಧಕ್ಕೆ ಸರಿದ ಅಚ್ಚಿಗೆ ಬೆಲೆ ಹೆಚ್ಚು. ಅದರಲ್ಲೂ ಇಸವಿ ಮತ್ತು ಟಂಕಸಾಲೆಯ ಗುರುತು ಉಳಿದಿದ್ದರೆ ಇನ್ನೂ ಹೆಚ್ಚು, ಏಕೆಂದರೆ ಆ ನಾಣ್ಯದ ಊರು, ವಯಸ್ಸು ಎರಡೂ ಗೊತ್ತಾಗುತ್ತವೆ. ಎರಡನೆಯದು, ಅಂಥವು ಎಷ್ಟಿವೆ? ಮೂರನೆಯದು, ಅದನ್ನು ಬೇಕೆನ್ನುವವರು ಎಷ್ಟು ಮಂದಿ? ಅಪರೂಪವಾದದ್ದಕ್ಕೆಲ್ಲ ಬೆಲೆ ಬರುವುದಿಲ್ಲ, ಬೇಕೆನ್ನುವವರಿರಬೇಕು. ನಾಲ್ಕನೆಯದು, ನಾಣ್ಯದ ಸ್ಥಿತಿ ಹೇಗಿದೆ?

ಎರಡನೆಯ ಪ್ರಶ್ನೆಗೆ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಪ್ರಸಂಗ ಉತ್ತರ ಹೇಳುತ್ತದೆ. 2008ರಲ್ಲಿ ಆ ನಾಣ್ಯದ ವಿನ್ಯಾಸ ಬದಲಿಸಿ, ಇಸವಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸಿದರು. ಹೊಸ ಹಿಂಬದಿಯ ಅಚ್ಚಿನ ಜೊತೆಗೆ ಹಳೆಯ ಮುಂಬದಿಯ ಅಚ್ಚನ್ನು ತಪ್ಪಾಗಿ ಜೋಡಿಸಿದ್ದರಿಂದ ಎರಡು ಕಡೆಯೂ ಇಸವಿಯಿಲ್ಲದ ನಾಣ್ಯಗಳು ಹೊರಬಂದವು. ಇಂಥ ಬೆರಕೆ ಜೋಡಿಗೆ ಸಂಗ್ರಾಹಕರು ಮ್ಯೂಲ್, ಅಂದರೆ ಹೇಸರಗತ್ತೆ ಎಂದು ಹೆಸರಿಟ್ಟಿದ್ದಾರೆ. ಸುದ್ದಿ ಹಬ್ಬಿದಾಗ ಜನ ಸಾವಿರಾರು ಪೌಂಡು ಕೇಳತೊಡಗಿದರು. ಆದರೆ ಅಂಥವು 50,000ಕ್ಕೆ ಕಡಿಮೆಯಿಲ್ಲದೆ, ಎರಡೂವರೆ ಲಕ್ಷದವರೆಗೂ ಇರಬಹುದೆಂಬ ಅಂದಾಜು ಹೊರಬಿದ್ದ ಮೇಲೆ ಆ ಕನಸು ಕರಗಿತು. ನಿಜವಾದ ದೋಷವೇ ಆದರೂ, ಸಂಖ್ಯೆ ಹೆಚ್ಚಿದರೆ ಬೆಲೆ ತಗ್ಗುತ್ತದೆ.

ದೋಷವೇ ಇಲ್ಲದೆ ಲಕ್ಷಗಟ್ಟಲೆ ಅಚ್ಚಾದ ನಾಣ್ಯಗಳ ಮಾತೇನು? 2012ರ ಇಸವಿಯ ವೈಷ್ಣೋದೇವಿ ಸ್ಮಾರಕ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಎಂಬ ಸುದ್ದಿ ಊರೂರು ಸುತ್ತಿತು. ಐದು, ಹತ್ತು ರೂಪಾಯಿಯ ಆ ನಾಣ್ಯಗಳು ಚಲಾವಣೆಗೆಂದೇ ಬಂದವು. ಅವನ್ನು ಭಕ್ತಿಯಿಂದ ಇಟ್ಟುಕೊಳ್ಳಬಹುದು. ಭಾಗ್ಯ ತರುತ್ತವೆಂದು ಕಾಯಬಾರದು.

ಇಲ್ಲೇ ಇನ್ನೊಂದು ಕಿವಿಮಾತು. ಕೇಳುವ ಬೆಲೆ ಬೇರೆ, ಮಾರಿದ ಬೆಲೆ ಬೇರೆ. ತಮ್ಮ ನಾಣ್ಯಕ್ಕೆ ಕೋಟಿ ಎಂದು ಯಾರು ಬೇಕಾದರೂ ಚೀಟಿ ಅಂಟಿಸಬಹುದು. ಹೆಸರಾಂತ ಹರಾಜಿನಲ್ಲಿ ಅಂಥದೇ ನಾಣ್ಯ ಎಷ್ಟಕ್ಕೆ ಹೋಯಿತೆಂಬುದೇ ನಂಬತಕ್ಕ ಲೆಕ್ಕ. ಮಾರುವವನಿಂದಲೇ ಮುಂಗಡ ಶುಲ್ಕ ಕೇಳುವವನು ವ್ಯಾಪಾರಿಯಲ್ಲ.

ಸ್ಥಿತಿಯ ಬಗ್ಗೆ ಎರಡು ಮಾತು. ಹಳೆಯ ನಾಣ್ಯ ಸಿಕ್ಕಿದ ಕೂಡಲೇ ಹುಣಸೆಹಣ್ಣು, ಬೂದಿ, ನಿಂಬೆರಸ ಹಾಕಿ ತಿಕ್ಕುವುದು ನಮ್ಮ ಮನೆಗಳಲ್ಲಿ ವಾಡಿಕೆ. ತಾಮ್ರದ ಚೊಂಬಿಗೆ ಅದು ಸರಿ, ನಾಣ್ಯಕ್ಕೆ ಅಲ್ಲ. ತಿಕ್ಕಿದಾಗ ಮೇಲ್ಮೈಯ ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಅಚ್ಚಿನ ಸೂಕ್ಷ್ಮಗೆರೆಗಳು, ಲೋಹ ಹರಿದ ಗುರುತುಗಳು ಅಳಿಸಿದ ಮೇಲೆ ನಿಜವಾದ ದೋಷವನ್ನು ನಿಜವೆಂದು ತೋರಿಸುವುದೂ ಕಷ್ಟ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಒಣಗಿದ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಇಡಿ. ಲಕೋಟೆಯ ಮೇಲೆ ಮುಖಬೆಲೆ, ಇಸವಿ, ಟಂಕಸಾಲೆ, ತೂಕ, ಅಗಲ, ಎಲ್ಲಿ ಯಾವಾಗ ಸಿಕ್ಕಿತು ಎಂಬುದನ್ನು ಬರೆಯಿರಿ. ಕೊನೆಯ ಸಾಲಿನಲ್ಲಿ, ಆ ವಿಚಿತ್ರ ಹೇಗಾಯಿತೆಂಬ ನಿಮ್ಮ ಊಹೆಯನ್ನೂ, ಅದಕ್ಕೆ ಆಧಾರವನ್ನೂ ಬರೆಯಿರಿ. ಆಧಾರ ತೋಚದಿದ್ದರೆ ಆ ಸಾಲನ್ನು ಖಾಲಿ ಬಿಡಿ. ಖಾಲಿ ಸಾಲು ನಾಚಿಕೆಯಲ್ಲ.

ಈ ವಾರ ಮನೆಯಲ್ಲಿ ಒಂದು ಅಭ್ಯಾಸ ಮಾಡಿ. ಮನೆಯ ಹುಂಡಿಯಿಂದಲೋ, ಪರಿಚಯದ ಅಂಗಡಿಯವರಿಂದಲೋ ನೂರು ನಾಣ್ಯ ತೆಗೆದುಕೊಳ್ಳಿ. ಟಂಕಸಾಲೆಯ ಗುರುತಿನಂತೆ ನಾಲ್ಕು ಗುಂಪು ಮಾಡಿ. ಪ್ರತಿಯೊಂದನ್ನೂ ಮಗುಚಿ ಅಚ್ಚಿನ ಹೊಂದಾಣಿಕೆ ನೋಡಿ. ಉಬ್ಬುಗೆರೆ, ತಗ್ಗುಗೆರೆಗಳನ್ನು ಬೇರೆ ಬೇರೆ ಪಟ್ಟಿ ಮಾಡಿ. ನೂರರಲ್ಲಿ ಬೆಲೆಬಾಳುವ ದೋಷ ಒಂದೂ ಸಿಗದಿರುವ ಸಂಭವವೇ ಹೆಚ್ಚು. ಆದರೆ ಸರಿಯಾದ ನಾಣ್ಯ ಹೇಗಿರುತ್ತದೆಂದು ನಿಮ್ಮ ಕಣ್ಣಿಗೆ ಅಭ್ಯಾಸವಾಗುತ್ತದೆ. ಸರಿಯನ್ನು ನೂರು ಸಲ ಕಂಡ ಕಣ್ಣು ಮಾತ್ರ ತಪ್ಪನ್ನು ಗುರುತಿಸಬಲ್ಲದು.

ಪೆಟ್ಟಿಗೆಯಲ್ಲಿ ಲಕ್ಷ ಬಾಳುವ ನಾಣ್ಯವಿದೆಯೆಂದು ನಂಬಿ, ಇರುವ ಸಾವಿರವನ್ನು ಮೋಸಗಾರನಿಗೆ ಕಟ್ಟಿದ ಕುಟುಂಬಗಳಿವೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಅಂಥ ಜಾಹೀರಾತನ್ನು ಕೈಯಲ್ಲಿ ಹಿಡಿದು ಬಂದರೆ, ಅವರ ಪಕ್ಕದಲ್ಲಿ ಕೂತು ಆ ನಾಣ್ಯವನ್ನು ತಕ್ಕಡಿಗೆ ಹಾಕಿ, ಇಸವಿಯ ಕೆಳಗಿನ ಗುರುತು ತೋರಿಸಿ, ಅದು ಹೇಗೆ ಹುಟ್ಟಿತೆಂದು ವಿವರಿಸಿ. ಅಷ್ಟು ಮಾಡಬಲ್ಲ ಒಬ್ಬ ವಿದ್ಯಾರ್ಥಿ ಮನೆಯಲ್ಲಿದ್ದರೆ ಆ ಮನೆಗೆ ಮೋಸಗಾರನ ಫೋನು ಬಂದರೂ ಭಯವಿಲ್ಲ.